ಕುಮಾರಪರ್ವತದ ಹಾದಿಗೆ ಎಂಥ ಜಿಪಿಎಸ್?

ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋದವರು ದೇವರ ದರ್ಶನ ಮುಗಿಸಿ, ಊಟ ಮಾಡಿ, ಬಸ್ಸು ಹತ್ತುವ ಮುಂಚೆ ಒಮ್ಮೆಯಾದರೂ ಪೂರ್ವದ ಕಡೆ ತಲೆ ಎತ್ತಿ ನೋಡುತ್ತಾರೆ. ಅಲ್ಲಿ ಮೋಡ ಕವಿದ ಬೆಟ್ಟಗಳ ಸಾಲಿನಲ್ಲಿ ಕುಮಾರಪರ್ವತವಿದೆ. ಪುಷ್ಪಗಿರಿ ಎಂಬುದು ಅದರ ಇನ್ನೊಂದು ಹೆಸರು. ಎತ್ತರ 1,712 ಮೀಟರ್. ದೇಗುಲದ ಊರು ಸಮುದ್ರಮಟ್ಟದಿಂದ ನೂರಿಪ್ಪತ್ತು ಮೀಟರಿನ ಆಸುಪಾಸಿನಲ್ಲಿರುವುದರಿಂದ ಏರಬೇಕಾದದ್ದು ಒಂದೂವರೆ ಸಾವಿರ ಮೀಟರಿಗೂ ಹೆಚ್ಚು. ಕರ್ನಾಟಕದ ಕಷ್ಟದ ಚಾರಣಗಳನ್ನು ಲೆಕ್ಕ ಹಾಕುವವರು ಈ ಹೆಸರನ್ನು ಬಿಡುವುದಿಲ್ಲ.

ಭೂಪಟ ಹರಡಿ ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. ದೇಗುಲವೂ ಶಿಖರವೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. 12 ಡಿಗ್ರಿ 40 ನಿಮಿಷದ ಹತ್ತಿರ. ಸ್ಕೇಲು ಇಟ್ಟು ಅಳೆದರೆ ನಡುವಿನ ನೇರ ದೂರ ಏಳೆಂಟು ಕಿಲೋಮೀಟರ್. ನಡೆಯುವ ಹಾದಿ ಮಾತ್ರ ಹನ್ನೆರಡು-ಹದಿಮೂರು ಕಿಲೋಮೀಟರ್. ಸ್ಕೇಲಿನ ಲೆಕ್ಕಕ್ಕೂ ಕಾಲಿನ ಲೆಕ್ಕಕ್ಕೂ ಇರುವ ಈ ವ್ಯತ್ಯಾಸವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಅದು ಬೇಕಾಗುತ್ತದೆ.

ನಮ್ಮದು ಬಯಲುಸೀಮೆಯ ಶಾಲೆ. ಮಕ್ಕಳನ್ನು ಬೆಟ್ಟ ಹತ್ತಿಸುವ ಕೆಲಸ ಹಲವು ವರ್ಷಗಳಿಂದ ವಿಜ್ಞಾನದ ಮೇಷ್ಟ್ರಾದ ನನ್ನ ಪಾಲಿಗೆ ಬಂದಿದೆ. ಚಾರಣದ ಸುತ್ತೋಲೆ ಮನೆ ತಲುಪಿದ ಮರುದಿನ ಒಬ್ಬಿಬ್ಬರು ತಂದೆ-ತಾಯಿ ಶಾಲೆಗೆ ಬಂದೇ ಬರುತ್ತಾರೆ.

“ಸಾರ್, ಅಲ್ಲಿ ಟವರ್ ಸಿಗೋದಿಲ್ಲವಂತೆ. ಮಗನಿಗೆ ಒಂದು ಜಿಪಿಎಸ್ ಕೊಡಿಸಿಬಿಡೋಣ ಅಂತಿದ್ದೀವಿ. ಎಲ್ಲಿದ್ದಾನೆ ಅಂತ ಗೊತ್ತಾಗುತ್ತಲ್ಲ?”

ಈ ಒಂದು ಮಾತಿನಲ್ಲಿ ಎರಡು ಪ್ರಶ್ನೆಗಳಿವೆ. ತಾನು ಎಲ್ಲಿದ್ದೇನೆ ಎಂದು ಮಗನಿಗೆ ಗೊತ್ತಾಗಬೇಕು ಎಂಬುದು ಒಂದು. ಅವನು ಎಲ್ಲಿದ್ದಾನೆ ಎಂದು ಮನೆಯವರಿಗೆ ಗೊತ್ತಾಗಬೇಕು ಎಂಬುದು ಇನ್ನೊಂದು. ಕೈಯಲ್ಲಿ ಹಿಡಿಯುವ ಜಿಪಿಎಸ್ ಮೊದಲನೆಯದಕ್ಕೆ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಅದರ ಬಳಿ ಉತ್ತರವೇ ಇಲ್ಲ. ಹತ್ತಾರು ಸಾವಿರ ರೂಪಾಯಿ ಕೊಟ್ಟು ಇದನ್ನು ಕೊಳ್ಳುವವರು ಅಂಗಡಿಗೆ ಹೋಗುವ ಮುಂಚೆ ಇಷ್ಟನ್ನು ತಿಳಿದಿರಬೇಕು.

ಕೇಳುವ ಯಂತ್ರ

ಜಿಪಿಎಸ್ ಎಂಬುದು ಅಮೆರಿಕದ ಉಪಗ್ರಹ ವ್ಯವಸ್ಥೆಯೊಂದರ ಹೆಸರು. ಅದರ ಮೊದಲ ಉಪಗ್ರಹ ಹಾರಿದ್ದು 1978ರಲ್ಲಿ. ವ್ಯವಸ್ಥೆ ಪೂರ್ಣಗೊಂಡದ್ದು 1995ರಲ್ಲಿ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ದಿನಕ್ಕೆರಡು ಸಲ ಭೂಮಿಯನ್ನು ಸುತ್ತುವ ಈ ಉಪಗ್ರಹಗಳ ಹೊಟ್ಟೆಯಲ್ಲಿ ಪರಮಾಣು ಗಡಿಯಾರಗಳಿವೆ. “ನಾನು ಇಂಥವನು, ಇಂಥ ಕಡೆ ಇದ್ದೇನೆ, ಈಗ ಗಂಟೆ ಇಷ್ಟು” ಎಂದು ಪ್ರತಿಯೊಂದೂ ರೇಡಿಯೋ ಅಲೆಗಳಲ್ಲಿ ಸಾರುತ್ತಲೇ ಇರುತ್ತದೆ. ನಮ್ಮ ಕೈಯಲ್ಲಿರುವುದು ಬರೀ ಗ್ರಾಹಕ. ಮನೆಯ ರೇಡಿಯೋ ಆಕಾಶವಾಣಿಯನ್ನು ಕೇಳುವ ಹಾಗೆ ಅದು ಉಪಗ್ರಹಗಳನ್ನು ಕೇಳುತ್ತದೆ. ನೀವು ಕೇಳುತ್ತಿದ್ದೀರಿ ಎಂಬುದು ಆಕಾಶವಾಣಿ ನಿಲಯಕ್ಕೆ ಹೇಗೆ ತಿಳಿಯದೋ, ನಿಮ್ಮ ಮಗ ಬೆಟ್ಟದ ಮೇಲಿದ್ದಾನೆ ಎಂಬುದು ಉಪಗ್ರಹಕ್ಕೂ ಹಾಗೆಯೇ ತಿಳಿಯದು.

ಸಂದೇಶ ಹೊರಟ ಹೊತ್ತು, ತಲುಪಿದ ಹೊತ್ತು, ಇವೆರಡರ ವ್ಯತ್ಯಾಸವನ್ನು ಬೆಳಕಿನ ವೇಗದಿಂದ ಗುಣಿಸಿದರೆ ಉಪಗ್ರಹ ಎಷ್ಟು ದೂರದಲ್ಲಿದೆ ಎಂದು ಸಿಗುತ್ತದೆ. ಬೆಳಕಿಗೆ ಸೆಕೆಂಡಿಗೆ ಮೂರು ಲಕ್ಷ ಕಿ.ಮೀ. ವೇಗ. ಹಾಗಾಗಿ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ ತಪ್ಪಿದರೂ ದೂರದಲ್ಲಿ 30 ಸೆಂ.ಮೀ. ತಪ್ಪುತ್ತದೆ. ಕೈಯಲ್ಲಿರುವ ಯಂತ್ರದ ಗಡಿಯಾರ ಅಷ್ಟು ನಿಖರವಾಗಿರುವುದಿಲ್ಲ. ಆದ್ದರಿಂದ ಅಕ್ಷಾಂಶ, ರೇಖಾಂಶ, ಎತ್ತರ, ಜೊತೆಗೆ ಗಡಿಯಾರದ ತಪ್ಪು ಎಂದು ನಾಲ್ಕು ಅವ್ಯಕ್ತಗಳಾದವು. ನಾಲ್ಕು ಅವ್ಯಕ್ತಕ್ಕೆ ನಾಲ್ಕು ಸಮೀಕರಣ ಬೇಕೆಂದು ಹತ್ತನೇ ತರಗತಿಯ ಮಕ್ಕಳಿಗೆ ಗೊತ್ತು. ಕನಿಷ್ಠ ನಾಲ್ಕು ಉಪಗ್ರಹಗಳು ಕಾಣಬೇಕೆನ್ನುವುದು ಇದಕ್ಕೇ.

ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತಕ್ಕೂ ಇಲ್ಲಿ ಕೆಲಸವಿದೆ. ಉಪಗ್ರಹದ ಗಡಿಯಾರ ಭೂಮಿಯ ಮೇಲಿನ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡು ಮುಂದೆ ಓಡುತ್ತದೆ. ಅದನ್ನು ಸರಿಪಡಿಸದೆ ಬಿಟ್ಟರೆ ದೂರದ ಲೆಕ್ಕ ದಿನಕ್ಕೆ ಹತ್ತು ಕಿಲೋಮೀಟರಿನಷ್ಟು ಜಾರುತ್ತದೆ.

ಇದಕ್ಕೆಲ್ಲ ಮೊಬೈಲ್ ಟವರ್ ಬೇಕಾಗಿಲ್ಲ. ಟವರ್ ಬೇಕಾಗುವುದು ಫೋನಿಗೆ ನಕ್ಷೆ ಇಳಿಸಿಕೊಳ್ಳಲು ಮತ್ತು ಸುದ್ದಿ ಮುಟ್ಟಿಸಲು. ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡಿದ್ದರೆ ಫೋನಿನ ಜಿಪಿಎಸ್ ಏರೋಪ್ಲೇನ್ ಮೋಡಿನಲ್ಲೂ ನಡೆಯುತ್ತದೆ.

ಉಪಗ್ರಹದ ಮೂಲಕ ಸಂದೇಶ ಕಳಿಸುವ, ಅಪಾಯದಲ್ಲಿ ಗುಂಡಿ ಒತ್ತಿ ಸಹಾಯ ಕೇಳುವ ಕೈಯಂತ್ರಗಳೂ ವಿದೇಶದ ಪೇಟೆಗಳಲ್ಲಿವೆ. ಪರದೇಶದಲ್ಲಿರುವ ನೆಂಟರಿಂದ ಅದನ್ನು ತರಿಸುವ ಯೋಚನೆ ಕೆಲವು ಪೋಷಕರಿಗೆ ಬರುತ್ತದೆ. ದಯವಿಟ್ಟು ಬೇಡ. ನಮ್ಮ ದೇಶದಲ್ಲಿ ಅನುಮತಿಯಿಲ್ಲದೆ ಉಪಗ್ರಹ ಫೋನನ್ನಾಗಲಿ ಇಂಥ ಸಂದೇಶ ಯಂತ್ರವನ್ನಾಗಲಿ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. 2024ರ ಡಿಸೆಂಬರಿನಲ್ಲಿ ಗೋವಾದ ವಿಮಾನ ನಿಲ್ದಾಣದಲ್ಲಿ ಇಂಥ ಯಂತ್ರವಿಟ್ಟುಕೊಂಡಿದ್ದ ವಿದೇಶಿ ಪ್ರವಾಸಿಯೊಬ್ಬರು ಪೊಲೀಸರ ವಶವಾದದ್ದು ಪತ್ರಿಕೆಗಳಲ್ಲಿ ಬಂದಿತ್ತು. ಬರೀ ಕೇಳುವ ಜಿಪಿಎಸ್‌ಗೆ ಈ ತೊಡಕಿಲ್ಲ. ಕೊಳ್ಳುವಾಗ ಡಬ್ಬಿಯ ಮೇಲೆ ಉಪಗ್ರಹ ಸಂದೇಶದ ಸೌಲಭ್ಯವಿದೆಯೇ ಎಂದು ಓದಿ, ಇದ್ದರೆ ಬಿಟ್ಟುಬಿಡಬೇಕು.

ಎಲೆಗಳ ಕೆಳಗೆ

2018ರ ಡಿಸೆಂಬರಿನಲ್ಲಿ ಹೈಸ್ಕೂಲು ಮತ್ತು ಪಿಯುಸಿಯ ಹನ್ನೆರಡು ಮಕ್ಕಳನ್ನು ಕರೆದುಕೊಂಡು ನಾವಿಬ್ಬರು ಮೇಷ್ಟ್ರುಗಳು ಕುಮಾರಪರ್ವತಕ್ಕೆ ಹೋದೆವು. ಜೊತೆಗೆ ಸುಬ್ರಹ್ಮಣ್ಯದವರೇ ಆದ ಮಾರ್ಗದರ್ಶಿಯೊಬ್ಬರು. ಪಾಠವೂ ಆಗಲಿ ಎಂದು ಎರಡು ಜಿಪಿಎಸ್ ಯಂತ್ರಗಳನ್ನು ಎರವಲು ತಂದಿದ್ದೆವು. ಹಳೆಯ ವಿದ್ಯಾರ್ಥಿಯೊಬ್ಬ ಕೊಟ್ಟದ್ದು ಕಪ್ಪುಬಿಳುಪು ತೆರೆಯ, ಗುಂಡಿಗಳ, ಎರಡು ಪೆನ್ಸಿಲ್ ಸೆಲ್ಲಿನ ಯಂತ್ರ. ಇನ್ನೊಂದು ಬಣ್ಣದ ತೆರೆ, ನಕ್ಷೆ, ವಾಯುಭಾರ ಮಾಪಕ, ದಿಕ್ಸೂಚಿ ಎಲ್ಲವೂ ಇದ್ದದ್ದು. ಇವಲ್ಲದೆ ಏಳು ಫೋನುಗಳು.

ಊರು ಬಿಟ್ಟೊಡನೆ ಹಾದಿ ದಟ್ಟ ಕಾಡಿಗೆ ನುಗ್ಗುತ್ತದೆ. ಬೇರುಗಳೇ ಮೆಟ್ಟಿಲಾಗಿರುವ ಏರು. ಬಿಸಿಲು ನೆಲ ಮುಟ್ಟುವುದು ಅಲ್ಲೊಂದು ಇಲ್ಲೊಂದು ನಾಣ್ಯದಷ್ಟು. ಕಾಡಿನ ನಡುವೆ ಸಿಗುವ ಭೀಮನ ಬಂಡೆಯ ಮೇಲೆ ಕೂತು ದಣಿವಾರಿಸಿಕೊಳ್ಳುವುದು ವಾಡಿಕೆ. ಅಲ್ಲಿ ಮಕ್ಕಳು ತಂತಮ್ಮ ಯಂತ್ರಗಳನ್ನು ನೋಡಿಕೊಂಡರು. ಒಂದು ಫೋನಿನಲ್ಲಿ ನಾವು ನಿಂತ ಜಾಗದ ಚುಕ್ಕಿ ಹಾದಿಯಿಂದಾಚೆ ಕಣಿವೆಯೊಳಗೆ ಕೂತಿತ್ತು.

ಕಾರಣ ಸರಳ. ಉಪಗ್ರಹದ ಪ್ರೇಷಕದ ಶಕ್ತಿ ಹಳೆಯ ಕಾಲದ ಬಲ್ಬೊಂದಕ್ಕಿಂತ ಹೆಚ್ಚೇನಲ್ಲ. ಅದು ಇಪ್ಪತ್ತು ಸಾವಿರ ಕಿ.ಮೀ. ದಾಟಿ ಬರುವಷ್ಟರಲ್ಲಿ ತೀರಾ ಕ್ಷೀಣವಾಗಿರುತ್ತದೆ. ಆ ಅಲೆಗಳ ಉದ್ದ ಸುಮಾರು 19 ಸೆಂ.ಮೀ. ಹಸಿ ಎಲೆಯಲ್ಲಿರುವ ನೀರು ಅವನ್ನು ಹೀರಿಕೊಳ್ಳುತ್ತದೆ. ಬಂಡೆಯೂ ಒದ್ದೆ ಕಾಂಡವೂ ಅವನ್ನು ಪ್ರತಿಫಲಿಸುತ್ತವೆ. ನೇರ ಬಂದ ಅಲೆಯ ಜೊತೆಗೆ ಸುತ್ತಿ ಬಂದ ಅಲೆಯೂ ಸೇರಿದರೆ ಯಂತ್ರ ಮೋಸಹೋಗುತ್ತದೆ. ಬಯಲಿನಲ್ಲಿ ಸಾಮಾನ್ಯ ಫೋನು ಕೂಡ ಐದು ಮೀಟರಿನ ಒಳಗೆ ಜಾಗ ಹೇಳಬಲ್ಲದು. ಮರಗಳ ಕೆಳಗೆ, ಕಡಿದಾದ ಕಣಿವೆಯಲ್ಲಿ ಅದನ್ನೇ ನಿರೀಕ್ಷಿಸುವಂತಿಲ್ಲ.

ಮಲೆನಾಡಿಗೆಂದು ಯಂತ್ರ ಕೊಳ್ಳುವವರು ಮೊದಲು ನೋಡಬೇಕಾದದ್ದು ಇದನ್ನೇ. ಯಾವ ಯಾವ ದೇಶದ ಉಪಗ್ರಹಗಳನ್ನು ಅದು ಕೇಳಬಲ್ಲದು? ಅಮೆರಿಕದ್ದು ಮಾತ್ರವೇ, ರಷ್ಯದ ಗ್ಲೋನಾಸ್, ಯೂರೋಪಿನ ಗೆಲಿಲಿಯೋ ಕೂಡ ಇವೆಯೇ? ಆಕಾಶದ ಒಂದು ತುಂಡು ಮಾತ್ರ ಕಾಣುವ ಕಡೆ ಉಪಗ್ರಹ ಹೆಚ್ಚಿದ್ದಷ್ಟೂ ಒಳ್ಳೆಯದು. ಈಚಿನ ಕೆಲವು ಯಂತ್ರಗಳು ಎಲ್1, ಎಲ್5 ಎಂಬ ಎರಡು ಆವರ್ತನಗಳನ್ನು ಕೇಳುತ್ತವೆ. ಪ್ರತಿಫಲಿಸಿ ಬಂದ ಅಲೆಯನ್ನು ಬೇರ್ಪಡಿಸಲು ಇದು ಬಹಳ ಸಹಾಯಕ. ಹಣ ಹೆಚ್ಚು ಕೊಡುವುದಾದರೆ ಬಣ್ಣದ ತೆರೆಗಿಂತ ಇದಕ್ಕೆ ಕೊಡುವುದು ಮೇಲು.

ನಮ್ಮ ದೇಶದ್ದೇ ಆದ ನಾವಿಕ್ ವ್ಯವಸ್ಥೆಯ ವಿಷಯ ಮಕ್ಕಳಿಗೆ ಗೊತ್ತಿರಬೇಕು. ಅದರ ಮೊದಲ ಉಪಗ್ರಹ 2013ರ ಜುಲೈನಲ್ಲಿ, ಏಳನೆಯದು 2016ರ ಏಪ್ರಿಲ್‌ನಲ್ಲಿ ಹಾರಿದವು. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ ಇಸ್ರೋದ ನ್ಯಾವಿಗೇಷನ್ ಕೇಂದ್ರವಿದೆ. ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಈ ಉಪಗ್ರಹಗಳ ಕಕ್ಷೆಗಳನ್ನು ನಮ್ಮ ಭೂಭಾಗಕ್ಕಾಗಿಯೇ ಆರಿಸಲಾಗಿದೆ. ಮೊದಲ ತಂಡದ ಕೆಲವು ಉಪಗ್ರಹಗಳಲ್ಲಿ ಪರದೇಶದಿಂದ ತಂದ ಪರಮಾಣು ಗಡಿಯಾರಗಳು ಕೆಟ್ಟವು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ನಮ್ಮಲ್ಲೇ ತಯಾರಾದ ಗಡಿಯಾರವಿತ್ತು. ಅನೇಕ ಹೊಸ ಫೋನುಗಳು ನಾವಿಕ್ ಅನ್ನು ಕೇಳುತ್ತವೆ. ನಿಮ್ಮ ಫೋನಿನ ವಿವರಗಳಲ್ಲಿ ಆ ಹೆಸರಿದೆಯೇ ಎಂದು ಮಕ್ಕಳಿಂದಲೇ ಹುಡುಕಿಸಿ.

ಗಿರಿಗದ್ದೆಯ ಲೆಕ್ಕ

ಐದಾರು ಕಿಲೋಮೀಟರಿನ ಕಾಡು ದಾಟಿದರೆ ಗಿರಿಗದ್ದೆ. ಬೆಟ್ಟದ ನಡುವೆ ಅಡಿಕೆ ತೋಟ, ಒಂಟಿ ಮನೆ. ಚಾರಣಿಗರ ಬಾಯಲ್ಲಿ ಅದು ‘ಭಟ್ಟರ ಮನೆ’. ಬಿಸಿ ಅನ್ನ, ಸಾಂಬಾರು, ಮಜ್ಜಿಗೆಯ ರುಚಿ ಅಲ್ಲಿ ಉಂಡವರಿಗೇ ಗೊತ್ತು. ಆ ದಿನ ನಮ್ಮ ಬೀಡು ಅಲ್ಲೇ.

ಊಟವಾದ ಮೇಲೆ ಮಕ್ಕಳು ನಡೆದ ದೂರವನ್ನು ಹೋಲಿಸಿದರು. ಒಂದೊಂದು ಯಂತ್ರ ಒಂದೊಂದು ಹೇಳಿತು. ಕಡಿಮೆಗೂ ಹೆಚ್ಚಿಗೂ ಅರ್ಧ ಕಿಲೋಮೀಟರಿಗಿಂತ ಜಾಸ್ತಿ ಅಂತರ. ಯಾವುದು ಸರಿ ಎಂದು ವಾದ ಹತ್ತಿಕೊಂಡಿತು. ಚುಕ್ಕಿ ಅತ್ತಿತ್ತ ಹಾರಿದಾಗಲೆಲ್ಲ ಯಂತ್ರ ಅದನ್ನೂ ನಡಿಗೆ ಎಂದು ಕೂಡಿಸಿಕೊಳ್ಳುತ್ತದೆ. ಇದನ್ನು ಯಾರಾದರೂ ಶಾಲೆಯ ಮೈದಾನದಲ್ಲೇ ಪರೀಕ್ಷಿಸಬಹುದು. ಫೋನನ್ನೋ ಯಂತ್ರವನ್ನೋ ದಾರಿ ದಾಖಲಿಸಲು ಹಚ್ಚಿ, ಒಂದು ಕಲ್ಲಿನ ಮೇಲೆ ಅರ್ಧ ಗಂಟೆ ಅಲುಗಿಸದೆ ಇಡಿ. ಆಮೇಲೆ ತೆರೆಯ ಮೇಲೆ ನೋಡಿದರೆ ಚಿಕ್ಕ ಮಗು ಗೀಚಿದಂಥ ಗೆರೆ ಕಾಣಬಹುದು. ಅದೇ ಕಲ್ಲಿನ ಮೇಲೆ ಮರದ ಕೆಳಗೊಮ್ಮೆ, ಬಯಲಲ್ಲೊಮ್ಮೆ ಇಟ್ಟು ಹೋಲಿಸಿದರೆ ಒಳ್ಳೆಯ ವಿಜ್ಞಾನ ಪ್ರಾಜೆಕ್ಟು.

ಎತ್ತರದ ಲೆಕ್ಕ ಇನ್ನೂ ತಮಾಷೆಯದು. ಒಂದು ಫೋನಿನ ಆ್ಯಪು ತೋರಿಸಿದ ಎತ್ತರಕ್ಕೂ ಬಣ್ಣದ ಯಂತ್ರ ತೋರಿಸಿದ್ದಕ್ಕೂ ಎಂಬತ್ತು ಮೀಟರಿಗೂ ಹೆಚ್ಚು ವ್ಯತ್ಯಾಸವಿತ್ತು. ಇದು ಯಂತ್ರ ಕೆಟ್ಟದ್ದಲ್ಲ. ಜಿಪಿಎಸ್ ಮೊದಲು ಕೊಡುವುದು ಭೂಮಿಯನ್ನು ನಯವಾದ, ಧ್ರುವಗಳಲ್ಲಿ ಚಪ್ಪಟೆಯಾದ ಗೋಳ ಎಂದು ಭಾವಿಸಿ ಅಳೆದ ಎತ್ತರವನ್ನು. ನಿಜವಾದ ಸಮುದ್ರಮಟ್ಟ ಗುರುತ್ವದ ಏರಿಳಿತವನ್ನು ಅನುಸರಿಸುತ್ತದೆ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಅದು ಆ ಗೋಳದ ಮೈಗಿಂತ ನೂರು ಮೀಟರಿಗೂ ಕೆಳಗಿದೆ. ನಮ್ಮ ಕರ್ನಾಟಕದಲ್ಲಿ ಸುಮಾರು 80ರಿಂದ 90 ಮೀಟರ್ ಕೆಳಗೆ. ಈ ತಿದ್ದುಪಡಿ ಮಾಡದ ಆ್ಯಪಿಗೆ ಮಂಗಳೂರಿನ ಕಡಲತಡಿಯೂ ಸೊನ್ನೆಗಿಂತ ಕೆಳಗೆ! ಚಾರಣಕ್ಕೆಂದೇ ಮಾಡಿದ ಯಂತ್ರಗಳು ಈ ತಿದ್ದುಪಡಿಯನ್ನು ತಾವೇ ಮಾಡಿಕೊಳ್ಳುತ್ತವೆ.

ವಾಯುಭಾರ ಮಾಪಕವಿರುವ ಯಂತ್ರ ಗಾಳಿಯ ಒತ್ತಡದಿಂದ ಎತ್ತರ ತಿಳಿಯುತ್ತದೆ. ಎಂಟೊಂಬತ್ತು ಮೀಟರ್ ಏರಿದರೆ ಒತ್ತಡ ಒಂದು ಹೆಕ್ಟೋಪಾಸ್ಕಲ್ ಇಳಿಯುತ್ತದೆ. ಹೆಜ್ಜೆಹೆಜ್ಜೆಯ ಏರಿಳಿತವನ್ನು ಇದು ಚೆನ್ನಾಗಿ ಹಿಡಿಯುತ್ತದೆ. ಆದರೆ ನಮ್ಮಂಥ ಉಷ್ಣವಲಯದಲ್ಲಿ ಹವೆ ಬದಲಾಗದಿದ್ದರೂ ಒತ್ತಡ ದಿನಕ್ಕೆರಡು ಸಲ ಏರಿ ಇಳಿಯುತ್ತದೆ. ಬೆಳಗಿನ ಹತ್ತರ ಸುಮಾರಿಗೆ ಹೆಚ್ಚು, ಸಂಜೆ ನಾಲ್ಕರ ಸುಮಾರಿಗೆ ಕಡಿಮೆ. ವ್ಯತ್ಯಾಸ ಮೂರು ಹೆಕ್ಟೋಪಾಸ್ಕಲ್‌ನಷ್ಟು. ಅಂದರೆ ಅಂಗಳದ ಕಟ್ಟೆಯ ಮೇಲಿಟ್ಟ ಯಂತ್ರವೂ ಸಂಜೆಯೊಳಗೆ ಇಪ್ಪತ್ತು-ಇಪ್ಪತ್ತೈದು ಮೀಟರ್ ‘ಹತ್ತಿರುತ್ತದೆ’. ಎತ್ತರ ಗೊತ್ತಿರುವ ಜಾಗದಲ್ಲಿ ಆಗಾಗ ಸರಿಪಡಿಸಿಕೊಳ್ಳುವವರಿಗೆ ಮಾತ್ರ ಈ ಸೌಲಭ್ಯ ಉಪಯುಕ್ತ. ಮಕ್ಕಳ ಯಂತ್ರಕ್ಕೆ ಇದು ಇಲ್ಲದಿದ್ದರೂ ನಡೆಯುತ್ತದೆ.

ಶೇಷಪರ್ವತದ ಮಂಜು

ಮರುದಿನ ನಸುಕಿನಲ್ಲೇ ಹೊರಟೆವು. ಅರಣ್ಯ ಇಲಾಖೆಯ ಠಾಣೆ ದಾಟಿದ ಮೇಲೆ ಮರಗಳು ಮುಗಿದು ಹುಲ್ಲುಗಾವಲು ಶುರುವಾಗುತ್ತದೆ. ಆಕಾಶವೆಲ್ಲ ತೆರೆದಿರುವುದರಿಂದ ಯಂತ್ರಗಳೆಲ್ಲ ಚುರುಕಾದವು. ಕಲ್ಲುಮಂಟಪದಲ್ಲಿ ನೀರು ತುಂಬಿಕೊಂಡು, ಶೇಷಪರ್ವತದ ಕಡಿದಾದ ಏರು ಹತ್ತಿ, ಅತ್ತ ಇಳಿದು ಶೋಲಾ ಕಾಡಿನ ತಂಪಿನಲ್ಲಿ ನಡೆದು, ಕೊನೆಯ ಜಾರುಬಂಡೆಯನ್ನು ಕೈಕಾಲೂರಿ ಏರಿದರೆ ಶಿಖರ. ಮಕ್ಕಳು ಅಲ್ಲಿ ಕುಣಿದದ್ದನ್ನು ಬರೆಯಬೇಕಾಗಿಲ್ಲ.

ಹಿಂತಿರುಗಿ ಶೇಷಪರ್ವತದ ಬೆನ್ನಿಗೆ ಬರುವಷ್ಟರಲ್ಲಿ ಕಣಿವೆಯಿಂದ ಮಂಜು ಎದ್ದಿತು. ಎರಡೇ ನಿಮಿಷದಲ್ಲಿ ಹತ್ತು ಹೆಜ್ಜೆ ಮುಂದಿದ್ದವನ ಬ್ಯಾಗು ಕಾಣದಾಯಿತು. ಹುಲ್ಲಿನ ಮೇಲೆ ಮನುಷ್ಯರು ತುಳಿದದ್ದು, ಕಾಟಿಗಳು ತುಳಿದದ್ದು, ಮಳೆನೀರು ಕೊರೆದದ್ದು ಎಲ್ಲವೂ ದಾರಿಯಂತೆಯೇ ತೋರುತ್ತಿದ್ದವು. ಏಳು ಫೋನುಗಳಲ್ಲಿ ನಾಲ್ಕು ಆಗಲೇ ಬ್ಯಾಟರಿ ಮುಗಿಸಿ ಮಲಗಿದ್ದವು. ಫೋಟೊ, ಹಾಡು, ಇಲ್ಲದ ಟವರಿಗಾಗಿ ದಿನವಿಡೀ ಹುಡುಕಾಟ, ಇವುಗಳಲ್ಲೇ ಅವುಗಳ ಆಯುಸ್ಸು ಮುಗಿದಿತ್ತು. ಉಳಿದವು ಒದ್ದೆ ಬೆರಳಿಗೆ ಸರಿಯಾಗಿ ಮಣಿಯುತ್ತಿರಲಿಲ್ಲ.

ಪಿಯುಸಿಯ ಹುಡುಗನೊಬ್ಬ ಹಿಂದಿನ ದಿನ ಭಟ್ಟರ ಮನೆಯನ್ನು ಫೋನಿನಲ್ಲಿ ಗುರುತು ಮಾಡಿಕೊಂಡಿದ್ದ. ಬಾಣದ ಗುರುತು ಅವನಿಗೆ ದಿಕ್ಕು ತೋರಿಸುತ್ತಿತ್ತು.

“ಸರ್, ಹೀಗೇ ನೇರ ಇಳಿದರೆ ಬೇಗ ಸಿಗುತ್ತೆ. ಇಲ್ಲಿ ತೋರಿಸ್ತಿದೆ ನೋಡಿ” ಎನ್ನುತ್ತಾ ಐದಾರು ಹೆಜ್ಜೆ ಇಟ್ಟೂ ಬಿಟ್ಟಿದ್ದ. ಮಾರ್ಗದರ್ಶಿ ಅವನ ಬ್ಯಾಗಿನ ಪಟ್ಟಿ ಹಿಡಿದು ನಿಲ್ಲಿಸಿದರು.

“ಅತ್ಲಾಗಿ ಹೋಗ್ಬೇಡ ಮಾರಾಯ. ಅಲ್ಲಿ ಕೆಳಗೆ ಎಂತದ್ದೂ ಇಲ್ಲ.”

ಎಲ್ಲರೂ ನಿಂತಲ್ಲೇ ಕೂತೆವು. ತುಸು ಹೊತ್ತಿಗೆ ಗಾಳಿ ಬೀಸಿ ಮಂಜು ಒಂದಿಷ್ಟು ಸರಿಯಿತು. ಹುಲ್ಲು ಮುಗಿದಲ್ಲಿ ಬಂಡೆ, ಬಂಡೆ ಮುಗಿದಲ್ಲಿ ಬರೀ ಬಿಳುಪು. ಅದರ ಆಳದಲ್ಲೆಲ್ಲೋ ಕಾಡಿನ ನೆತ್ತಿ. ಹುಡುಗ ಮಾತಾಡಲಿಲ್ಲ.

ಫೋನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಭಟ್ಟರ ಮನೆ ಆ ದಿಕ್ಕಿಗೇ ಇತ್ತು. ಎರಡು ಬಿಂದುಗಳ ನಡುವಿನ ಅತಿ ಕಡಿಮೆ ದೂರ ಸರಳರೇಖೆ ಎಂಬ ರೇಖಾಗಣಿತವನ್ನಷ್ಟೇ ಅದು ಪಾಲಿಸಿತ್ತು. ನಡುವೆ ಪ್ರಪಾತವಿದೆಯೆಂದು ಬಾಣಕ್ಕೆ ತಿಳಿಯದು. ದೇಗುಲದಿಂದ ಶಿಖರಕ್ಕೆ ಏಳೆಂಟು ಕಿಲೋಮೀಟರ್ ಇರುವುದು ಬಾಣಕ್ಕೆ; ನಡೆಯುವವರಿಗೆ ಅದು ಹದಿಮೂರು.

ಆಗ ನೆರವಿಗೆ ಬಂದದ್ದು ಕಪ್ಪುಬಿಳುಪಿನ ಹಳೆಯ ಯಂತ್ರ. ಅದು ಹತ್ತನೇ ತರಗತಿಯ ಹುಡುಗಿಯೊಬ್ಬಳ ಕೈಯಲ್ಲಿತ್ತು. ಬೆಳಿಗ್ಗೆ ಹೊರಡುವಾಗಲೇ ಅವಳು ದಾರಿ ದಾಖಲಿಸಲು ಹಚ್ಚಿದ್ದಳು. ನಾವು ಹತ್ತಿ ಬಂದ ಹಾದಿ ತೆರೆಯ ಮೇಲೆ ತೆಳುವಾದ ಗೆರೆಯಾಗಿ ನಿಂತಿತ್ತು. ಬಂದ ದಾರಿಯಲ್ಲೇ ಹಿಂದಕ್ಕೆ ಕರೆದೊಯ್ಯುವ ಈ ಸೌಲಭ್ಯಕ್ಕೆ ಟ್ರ್ಯಾಕ್‌ಬ್ಯಾಕ್ ಎನ್ನುತ್ತಾರೆ. ಮುಂದೆ ಮಾರ್ಗದರ್ಶಿ, ಅವರ ಹಿಂದೆ ಈ ಹುಡುಗಿ, ಕೊನೆಯಲ್ಲಿ ನಾನು. ಇಪ್ಪತ್ತು ಹೆಜ್ಜೆಗೊಮ್ಮೆ ತಲೆ ಎಣಿಕೆ. ಗೆರೆ ಬಿಟ್ಟು ಸರಿದರೆ ಅವಳು “ಸ್ವಲ್ಪ ಬಲಕ್ಕೆ” ಎನ್ನುವಳು. ಮಾರ್ಗದರ್ಶಿ ಕಾಲಲ್ಲಿ ನೆಲ ನೋಡಿ ಹೌದೆನ್ನುವರು. ಒಂದು ಕಡೆ ಅವರು ಒಪ್ಪಲಿಲ್ಲ. ಗೆರೆ ಕಲ್ಲಿನ ಅಂಚಿಗೆ ತೀರಾ ಹತ್ತಿರ ತೋರುತ್ತಿತ್ತು. ಐದಾರು ಮೀಟರಿನ ತಪ್ಪು ಬಯಲಿನಲ್ಲಿ ಲೆಕ್ಕಕ್ಕಿಲ್ಲ, ಅಲ್ಲಿ ಲೆಕ್ಕಕ್ಕುಂಟು. ಅವರ ಮಾತಿನಂತೆಯೇ ನಡೆದೆವು. ಹದಿನೈದು ತಲೆಗಳೂ ಕಲ್ಲುಮಂಟಪ ತಲುಪಿದವು.

ಅಮೆರಿಕ ಸರ್ಕಾರ 2000ದ ಮೇ ತಿಂಗಳವರೆಗೆ ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿ ಕಳಿಸುತ್ತಿತ್ತು. ಆಗ ನೂರು ಮೀಟರಿನವರೆಗೆ ತಪ್ಪು ಬರುತ್ತಿತ್ತು. 1989ರಲ್ಲಿ ಬಂದ ಮೆಗೆಲನ್ ನ್ಯಾವ್ 1000 ಎಂಬ ಮೊದಲ ಕೈಯಂತ್ರಕ್ಕೆ ಸುಮಾರು ಮೂರು ಸಾವಿರ ಡಾಲರ್ ಬೆಲೆ. ಅಷ್ಟು ಕೊಟ್ಟವರಿಗೂ ಶೇಷಪರ್ವತದ ಅಂಚಿನಲ್ಲಿ ಅದನ್ನು ನಂಬಿ ನಡೆಯುವುದು ಸಾಧ್ಯವಿರಲಿಲ್ಲ. ಇಂದಿನ ಅಗ್ಗದ ಯಂತ್ರವೂ ಅದಕ್ಕಿಂತ ಎಷ್ಟೋ ಮೇಲು.

ಇನ್ನೊಂದು ಮಾತು. ದಿಕ್ಸೂಚಿ ಇಲ್ಲದ ಜಿಪಿಎಸ್ ನಡೆಯುವಾಗ ಮಾತ್ರ ದಿಕ್ಕು ಹೇಳಬಲ್ಲದು. ಹಿಂದಿನ ಚುಕ್ಕಿ, ಈಗಿನ ಚುಕ್ಕಿ ಸೇರಿಸಿ ದಿಕ್ಕು ತಿಳಿಯುವುದು ಅದರ ರೀತಿ. ನಿಂತೊಡನೆ ಬಾಣ ಮನಬಂದಂತೆ ತಿರುಗುತ್ತದೆ. ಫೋನಿನಲ್ಲಿ ದಿಕ್ಸೂಚಿ ಇರುತ್ತದೆ. ಕವರಿನ ಆಯಸ್ಕಾಂತದ ಗುಂಡಿ ಅದನ್ನು ಕೆಡಿಸುತ್ತದೆ. ಮಂಜಿನಲ್ಲಿ ಮನುಷ್ಯ ನಿಲ್ಲುವುದೇ ಹೆಚ್ಚು. ಆದ್ದರಿಂದ ಕೆಲವು ನೂರು ರೂಪಾಯಿಯ ಸಾದಾ ದಿಕ್ಸೂಚಿ ಜೇಬಿನಲ್ಲಿರಲಿ. ಕರ್ನಾಟಕದಲ್ಲಿ ಅದರ ಮುಳ್ಳು ನಿಜವಾದ ಉತ್ತರದಿಂದ ಒಂದೆರಡು ಡಿಗ್ರಿಯಷ್ಟೇ ಸರಿದಿರುತ್ತದೆ. ಮಕ್ಕಳ ಚಾರಣಕ್ಕೆ ಅದನ್ನು ತಿದ್ದುವ ಅಗತ್ಯವಿಲ್ಲ.

ಅಂಕಿ ಓದುವುದು

ದಾರಿ ತಪ್ಪಿದವರು ಫೋನು ಸಿಕ್ಕಿದೊಡನೆ ತಾವಿರುವ ಜಾಗದ ಅಂಕಿಗಳನ್ನು ಹೇಳುತ್ತಾರೆ. ಅಲ್ಲೊಂದು ಬಲೆ ಇದೆ. ‘12 ಡಿಗ್ರಿ 40 ನಿಮಿಷ’ ಎಂದದ್ದನ್ನು ಕೇಳಿದವರು ‘12.40 ಡಿಗ್ರಿ’ ಎಂದು ಬರೆದುಕೊಂಡರೆ ಏನಾಗುತ್ತದೆ? ಒಂದು ಡಿಗ್ರಿಗೆ ಅರವತ್ತು ನಿಮಿಷ. ಆದ್ದರಿಂದ 40 ನಿಮಿಷ ಎಂದರೆ 0.667 ಡಿಗ್ರಿ. ತಪ್ಪು 0.267 ಡಿಗ್ರಿ. ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಗುಣಿಸಿ ನೋಡಿ: ಹೆಚ್ಚುಕಡಿಮೆ 30 ಕಿಲೋಮೀಟರ್! ಕುಮಾರಪರ್ವತದಲ್ಲಿರುವ ಮಕ್ಕಳನ್ನು ಮಡಿಕೇರಿಯ ಅಕ್ಷಾಂಶದಲ್ಲಿ ಹುಡುಕಿದಂತಾಗುತ್ತದೆ. ಯಂತ್ರವನ್ನು ಯಾವ ರೀತಿಗೆ ಇಟ್ಟಿದ್ದೀರಿ ಎಂಬುದನ್ನು ತಂಡದವರೆಲ್ಲ ಮೊದಲೇ ಒಂದೇ ಮಾಡಿಕೊಳ್ಳಬೇಕು. ‘ಡಿಗ್ರಿ’, ‘ನಿಮಿಷ’, ‘ಬಿಂದು’ ಎಂಬ ಮಾತುಗಳನ್ನು ಬಿಡದೆ ಹೇಳಬೇಕು.

ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆ ಬಳಸುವವರಿಗೆ ಇನ್ನೊಂದು ಎಚ್ಚರಿಕೆ. ಅವು 1830ರ ಎವರೆಸ್ಟ್ ಗೋಳದ ಲೆಕ್ಕದಲ್ಲಿ ತಯಾರಾದವು. ಜಿಪಿಎಸ್‌ನದು ಡಬ್ಲ್ಯುಜಿಎಸ್84 ಎಂಬ ಬೇರೆ ಲೆಕ್ಕ. ಎರಡನ್ನೂ ಬೆರೆಸಿದರೆ ಚುಕ್ಕಿ ನೂರು ಮೀಟರಿಗೂ ಹೆಚ್ಚು ಸರಿಯುತ್ತದೆ. 2005ರ ನಕ್ಷಾ ನೀತಿಯ ನಂತರ ಬಂದ ಓಪನ್ ಸೀರೀಸ್ ನಕ್ಷೆಗಳಲ್ಲಿ ಈ ತೊಂದರೆಯಿಲ್ಲ. 1:50,000 ಪ್ರಮಾಣದ ನಕ್ಷೆಯಲ್ಲಿ ಎರಡು ಸೆಂ.ಮೀ. ಎಂದರೆ ಒಂದು ಕಿಲೋಮೀಟರ್. ಸಮೋನ್ನತಿ ರೇಖೆಗಳು ಒತ್ತೊತ್ತಾಗಿರುವಲ್ಲಿ ಕಡಿದು. ಇಷ್ಟು ಓದಲು ಬಂದಿದ್ದರೆ ಶೇಷಪರ್ವತದ ಪ್ರಪಾತ ಮನೆಯ ಮೇಜಿನ ಮೇಲೇ ಕಾಣುತ್ತದೆ.

ಹಾಗಾದರೆ ಯಾವುದು?

ವರ್ಷಕ್ಕೊಂದು ಚಾರಣ, ಅದೂ ತಂಡದೊಂದಿಗೆ, ಮಾರ್ಗದರ್ಶಿಯೊಂದಿಗೆ ಹೋಗುವ ಮಗುವಿಗೆ ಪ್ರತ್ಯೇಕ ಜಿಪಿಎಸ್ ಕೊಡಿಸಬೇಕಾಗಿಲ್ಲ. ಮನೆಯಲ್ಲಿರುವ ಫೋನಿಗೆ ನಕ್ಷೆ ಇಳಿಸಿ, ಒಂದು ಪವರ್ ಬ್ಯಾಂಕ್ ಮತ್ತು ಗಟ್ಟಿ ಪ್ಲಾಸ್ಟಿಕ್ ಚೀಲ ಕೊಟ್ಟು, ನಡೆಯುವಾಗ ಏರೋಪ್ಲೇನ್ ಮೋಡಿನಲ್ಲಿಡಲು ಹೇಳಿದರೆ ಸಾಕು.

ತಂಡಕ್ಕೆ ಮಾತ್ರ ಒಂದು ಯಂತ್ರ ಬೇಕು. ಶಾಲೆಯೋ, ನಾಲ್ಕಾರು ಮನೆಯವರೋ ಸೇರಿ ಒಂದನ್ನು ಕೊಂಡರೆ ವರ್ಷಗಟ್ಟಲೆ ಬರುತ್ತದೆ. ಅದನ್ನು ಆರಿಸುವಾಗ ನಾನು ಈ ಕ್ರಮದಲ್ಲಿ ನೋಡುತ್ತೇನೆ.

ಮೊದಲನೆಯದು, ಸೆಲ್ಲು. ಪೆನ್ಸಿಲ್ ಸೆಲ್ಲಿನ ಯಂತ್ರವಾದರೆ ಸುಬ್ರಹ್ಮಣ್ಯದ ಅಂಗಡಿಯಲ್ಲೂ ಅದರ ಆಹಾರ ಸಿಗುತ್ತದೆ. ಈ ಬಗೆಯ ಅನೇಕ ಯಂತ್ರಗಳು ಎರಡು ಸೆಲ್ಲಿಗೆ ಇಪ್ಪತ್ತು-ಇಪ್ಪತ್ತೈದು ಗಂಟೆ ನಡೆಯುತ್ತವೆಂದು ತಯಾರಕರು ಹೇಳುತ್ತಾರೆ. ಹೊಸವು ಇನ್ನೂ ಹೆಚ್ಚು. ಎರಡನೆಯದು, ಗುಂಡಿಗಳು. ಒದ್ದೆ ಕೈಗೆ, ಕೈಗವಸಿಗೆ ಗುಂಡಿಯೇ ಗತಿ. ಮೂರನೆಯದು, ಮುಂಚೆ ಹೇಳಿದಂತೆ ಒಂದಕ್ಕಿಂತ ಹೆಚ್ಚು ಉಪಗ್ರಹ ವ್ಯವಸ್ಥೆ. ನಾಲ್ಕನೆಯದು, ನೀರು. ಐಪಿಎಕ್ಸ್7 ಎಂಬ ಗುರುತಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದರೂ ಬದುಕುತ್ತದೆ. ಐದನೆಯದು, ಟ್ರ್ಯಾಕ್‌ಬ್ಯಾಕ್. ಬಣ್ಣದ ನಕ್ಷೆ, ವಾಯುಭಾರ ಮಾಪಕ, ಸಂಗೀತ, ಕ್ಯಾಮೆರಾ ಎಲ್ಲ ಇದರ ನಂತರ, ಹಣ ಉಳಿದರೆ.

ಕೊಂಡ ಮೇಲೆ ಅದನ್ನು ಹೊರುವ ಮಗು ಊರಿನ ಕೆರೆಯ ಸುತ್ತ ಎರಡು ಸಲವಾದರೂ ಅದನ್ನು ಹಿಡಿದು ನಡೆದಿರಬೇಕು. ಒಮ್ಮೆ ದಾರಿ ದಾಖಲಿಸಿ, ಇನ್ನೊಮ್ಮೆ ತೆರೆ ಮಾತ್ರ ನೋಡುತ್ತಾ ಹಿಂತಿರುಗಿ.

ಇನ್ನು ಮನೆಯವರ ಪ್ರಶ್ನೆ: ಎಲ್ಲಿದ್ದಾನೆ ಎಂದು ನಮಗೆ ಗೊತ್ತಾಗುವುದು ಹೇಗೆ? ಅದಕ್ಕೆ ಒಂದು ಹಾಳೆ, ಒಂದು ಪೆನ್ನು ಸಾಕು. ಯಾವ ದಾರಿ, ಯಾರ ಜೊತೆ, ರಾತ್ರಿ ಎಲ್ಲಿ, ಯಾವ ದಿನ ಎಷ್ಟು ಗಂಟೆಗೆ ಕೆಳಗಿಳಿದು ಫೋನು ಮಾಡುತ್ತೇವೆ, ಮಾಡದಿದ್ದರೆ ಎಷ್ಟು ಗಂಟೆಯವರೆಗೆ ಕಾದು ಯಾರಿಗೆ ತಿಳಿಸಬೇಕು, ಇಷ್ಟನ್ನು ಮಗುವಿನ ಕೈಯಲ್ಲೇ ಬರೆಸಿ ಅಡುಗೆಮನೆಯ ಗೋಡೆಗೆ ಅಂಟಿಸಿ. ಹೊರಟ ಮೇಲೆ ದಾರಿ ಬದಲಿಸುವುದಿಲ್ಲ ಎಂಬ ಮಾತನ್ನೂ ತೆಗೆದುಕೊಳ್ಳಿ. ಹುಡುಕಲು ಹೋಗುವವರಿಗೆ ಈ ಹಾಳೆ ಉಪಗ್ರಹಕ್ಕಿಂತ ಮೊದಲು ಬೇಕಾಗುತ್ತದೆ.

ಹೋಗುವವರಿಗೆ

ಕುಕ್ಕೆ ಸುಬ್ರಹ್ಮಣ್ಯಕ್ಕೆ ಬೆಂಗಳೂರು, ಮೈಸೂರು, ಮಂಗಳೂರುಗಳಿಂದ ಬಸ್ಸುಗಳಿವೆ. ರೈಲಿನಲ್ಲಿ ಬರುವವರು ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿಯಬೇಕು. ಸೋಮವಾರಪೇಟೆಯ ಕಡೆಯಿಂದ ಹತ್ತುವ ಇನ್ನೊಂದು ಹಾದಿ ಗಿಡ್ಡದು. ಶಿಖರದಲ್ಲಿ ಎರಡೂ ಹಾದಿಗಳು ಸೇರುವುದರಿಂದ ಇಳಿಯುವಾಗ ಯಾವ ಕಡೆ ಹೊರಟಿದ್ದೇವೆಂದು ಎಚ್ಚರವಿರಲಿ. ಬೆಟ್ಟ ಪುಷ್ಪಗಿರಿ ವನ್ಯಜೀವಿಧಾಮದಲ್ಲಿದೆ; ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಬೇಕು. ಮಳೆಗಾಲದಲ್ಲೂ ಕಾಡ್ಗಿಚ್ಚಿನ ಕಾಲದಲ್ಲೂ ಹಾದಿ ಮುಚ್ಚಿರುತ್ತದೆ. ಸಮಯ, ತಂಗುವಿಕೆ, ಜನರ ಮಿತಿ ಕುರಿತ ನಿಯಮಗಳು ಆಗಾಗ ಬದಲಾಗುವುದರಿಂದ ಹೊರಡುವ ವಾರದಲ್ಲೇ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ. ತಲಾ ಮೂರು ಲೀಟರ್ ನೀರು, ಟಾರ್ಚು, ಸೀಟಿ, ದಿಕ್ಸೂಚಿ ಇರಲಿ. ಪ್ಲಾಸ್ಟಿಕ್ ಕಸವನ್ನು ವಾಪಸು ತನ್ನಿ. ತುರ್ತು ಕರೆಗೆ 112. ಟವರ್ ಸಿಗುವ ಏರಿನಲ್ಲಿ ನಿಂತು ಮಾಡಬೇಕು.